ಹತ್ತಿತೇನ್ರೀ?

ನಮ್ಮ ಕಡೆ ‘ಹತ್ತು’ ಎಂಬ ಮಾತಿಗೆ ಬಿಡುವೇ ಇಲ್ಲ. ದೀಪ ಹತ್ತುತ್ತದೆ, ಬಸ್ಸು ಹತ್ತುತ್ತೇವೆ, ಮಗನಿಗೆ ನೌಕರಿ ಹತ್ತುತ್ತದೆ, ಅಂಗಿಗೆ ಎಣ್ಣೆ ಹತ್ತುತ್ತದೆ. ಈ ಒಂದೇ ಮಾತನ್ನು ನಂಬಿ ನಾನು ನನ್ನ ಹಳೆಯ ಮೋಟರ್‌ಸೈಕಲ್ಲನ್ನು ಕಳೆದುಕೊಳ್ಳುವುದರಲ್ಲಿದ್ದೆ.

ನಾನು ಬೈಲಹೊಂಗಲದಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ಸೀಟಿ ಊದುವುದು ನಿಂತರೂ ಅಭ್ಯಾಸಗಳು ನಿಂತಿಲ್ಲ. ಬೆಳಿಗ್ಗೆ ಏಳುವುದು, ಹಾಸಿಗೆಯ ಅಂಚು ಗೋಡೆಗೆ ಸರಿಯಾಗಿ ಮಡಚುವುದು, ವ್ಯಾಯಾಮ, ಸ್ನಾನ, ಆಮೇಲೆ ಗಾಡಿ ಒರೆಸುವುದು. ಊರವರು ‘ಫಟಫಟಿ’ ಎನ್ನುವ ಆ ಗಾಡಿಯನ್ನು ಹರೆಯದಲ್ಲಿ ಕೊಂಡಿದ್ದೆ. ಆಗಿನ ಶೋಕಿಗೆ ತಕ್ಕಂತೆ ಅದರ ಮೂಲ ಹ್ಯಾಂಡಲ್ ತೆಗೆಸಿ ಗಿಡ್ಡನೆಯ, ಚಪ್ಪಟೆಯಾದ ಒಂದು ಹ್ಯಾಂಡಲ್ ಹಾಕಿಸಿದ್ದೆ. ಅದನ್ನು ಹಿಡಿಯಬೇಕಾದರೆ ಬಾವಿಗೆ ಜಿಗಿಯುವವನಂತೆ ಮುಂದಕ್ಕೆ ಬಗ್ಗಬೇಕು. ಹರೆಯದಲ್ಲಿ ಬಗ್ಗಿದ್ದು ಅಂದವಾಗಿ ಕಂಡಿತು. ಈಗ ಕತ್ತು ಹಿಡಿದುಕೊಂಡಿತು. ಡಾಕ್ಟರು ಕೊರಳಿಗೆ ಪಟ್ಟಾ ಬಿಗಿದು, ಇನ್ನು ಬಗ್ಗಿ ಗಾಡಿ ಹೊಡೆಯುವುದು ಸಾಕು ಎಂದರು.

ನನ್ನ ಹೆಂಡತಿ ಹಿಂದಿನ ಸೀಟನ್ನು ಎಂದೋ ಬಿಟ್ಟಿದ್ದಳು.

“ನೀವು ಬಗ್ಗಿ ಕುಂತ್ರ ನಿಮ್ಮ ಬೆನ್ನು ಜಾರಬಂಡಿ ಆಗತೈತಿ,” ಎನ್ನುತ್ತಿದ್ದಳು. “ಬ್ರೇಕ್ ಹಾಕಿದಾಗೊಮ್ಮೆ ನಾ ನಿಮ್ಮ ತಲಿ ದಾಟಿ ಪೆಟ್ರೋಲ್ ಟಾಕಿ ಮ್ಯಾಲೆ ಬೀಳೂದೊಂದ ಬಾಕಿ.”

ಹೀಗಿರುವಾಗ ಕಿತ್ತೂರಿನಲ್ಲಿ ಹೆದ್ದಾರಿಯ ಮಗ್ಗುಲಿಗೆ ಹೊಟೇಲ್ ನಡೆಸುವ ಸಾವಕಾರರೊಬ್ಬರು ಮನೆಗೆ ಬಂದರು. ನನ್ನ ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು.

“ಇದನ್ನ ನನಗ ಕೊಟ್ಟಬಿಡ್ರಿ ಸರ. ಬಾಗಲದಾಗ ನಿಲ್ಲಸಿ, ಹಾರ ಹಾಕಿ, ಲೈಟಿನ ಸರಾ ಬಿಡತೇನಿ. ಪುಣೆದವರು, ಬೆಂಗಳೂರವರು ಇಳದು ಫೋಟೋ ಹೊಡ್ಕೋತಾರು.”

“ಹಾರ ಹಾಕಾಕ ಅದೇನ್ ಸತ್ತೈತೇನ್ರಿ?” ಎಂದೆ.

“ಓಡಲಿಲ್ಲಂದ್ರ ಸತ್ತಂಗ ಅಲ್ಲೇನ್ರಿ?” ಎಂಬ ದನಿ ಅಡುಗೆಮನೆಯಿಂದ ಬಂತು. ಅದು ಸಾವಕಾರರ ದನಿಯಲ್ಲ.

ಚಹಾ ತಂದಿಟ್ಟು ನನ್ನ ಹೆಂಡತಿ ತೀರ್ಪು ಕೊಟ್ಟಳು. ಸಾಲಹಳ್ಳಿಯಲ್ಲಿರುವ ಅವಳ ಅಕ್ಕ ಐತವಾರ ಸೀತನಿ ತಿನ್ನಲು ಕರೆದಿದ್ದಳು. ಎಳೆಯ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಬೆಲ್ಲ, ಚಟ್ನಿಪುಡಿಯ ಜೊತೆ ತಿನ್ನುವುದಕ್ಕೆ ಬೀಗರನ್ನು ಕರೆಯುವುದು ನಮ್ಮಲ್ಲಿ ರೂಢಿ.

“ನೆಟ್ಟಗ ಕುಂತು ನನ್ನ ಸಾಲಹಳ್ಳಿಗಿ ಕರಕೊಂಡು ಹೋಗಿ ಬರ್ರಿ. ಬಂದ್ರ ಗಾಡಿ ಮನ್ಯಾಗ ಇರ್ಲಿ. ನಡುವ ಹೊಳ್ಳಿ ಬಂದ್ರ ಸೋಮವಾರ ಸಾವಕಾರ್ರು ಟೆಂಪೊ ತರ್ಲಿ. ಆತಿಲ್ಲ?”

ಸಾವಕಾರರು ನನ್ನ ಕೊರಳಪಟ್ಟಾ ನೋಡಿ, “ಸೋಮವಾರ ಬರತೇನ್ರಿ ವೈನಿ,” ಎಂದು ನಗುತ್ತ ಹೋದರು.

ನಾನು ನೆಟ್ಟಗೆ ಕೂರಬೇಕಾದರೆ ಹ್ಯಾಂಡಲ್ ಮೇಲೆ ಬರಬೇಕು. ಪೇಟೆಯ ಗುಜರಿ ಅಂಗಡಿಯಲ್ಲಿ ಎತ್ತರದ, ಅಗಲವಾದ, ತುದಿ ಹಿಂದಕ್ಕೆ ಬಾಗಿದ ಒಂದು ಹ್ಯಾಂಡಲ್ ಸಿಕ್ಕಿತು. ಗ್ಯಾರೇಜಿಗೆ ಒಯ್ಯಲು ಮನಸ್ಸಾಗಲಿಲ್ಲ. ಅಲ್ಲಿ ಬಿಚ್ಚಿದ ನಟ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿಯುತ್ತಾರೆ. ನೋಡಿದರೆ ನನಗೆ ಉರಿ ಏಳುತ್ತದೆ. ಅಂಗಳದಲ್ಲಿ ಟವೆಲ್ ಹಾಸಿ, ನಟ್ಟು ಬಿಚ್ಚುವ ಪಾನಾಗಳನ್ನು ಗಾತ್ರದ ಪ್ರಕಾರ ಸಾಲಾಗಿ ಇಟ್ಟೆ. ಎತ್ತರದವರು ಹಿಂದೆ, ಗಿಡ್ಡರು ಮುಂದೆ.

ಆದರೆ ಕೊರಳಿನ ಪಟ್ಟಾದಿಂದ ಕೆಳಗೆ ನೋಡಲು ಬರುತ್ತಿರಲಿಲ್ಲ. ಅದಕ್ಕೆ ಪಕ್ಕದ ಮನೆಯ ಆಚಾರ್ಯರನ್ನು ಕರೆದೆ. ಅವರು ನನ್ನ ಸಾಲೆಯಲ್ಲೇ ಕನ್ನಡ ಕಲಿಸುತ್ತಿದ್ದವರು, ಪೂಜೆ-ಪುನಸ್ಕಾರದ ಮನೆತನದವರು, ನನ್ನ ಓರಗೆಯವರು. ಬತ್ತಿ ಹೊಸೆದು ಹೊಸೆದು ಅವರ ಬೆರಳುಗಳು ಸಣ್ಣ ಕೆಲಸಕ್ಕೆ ಚೆನ್ನಾಗಿ ಪಳಗಿವೆ.

ಹೊಸ ಹ್ಯಾಂಡಲ್ ನೋಡಿ ಅವರು, “ಇದೇನ್ರಿ ಮಾಸ್ತರ್ರ, ಕಿಲಾರಿ ಎತ್ತಿನ ಕೋಡು ಇದ್ದಂಗ ಅದ. ನೇಗಿಲಕ್ಕ ಹೂಡತೀರೇನು?” ಎಂದರು.

“ನಿಮ್ಮನ್ನ ಹೂಡತೇನಿ, ಕುಂಡ್ರರಿ.”

ಹ್ಯಾಂಡಲ್ ಕೂಡಿಸಿದ್ದು ಸುಲಭವಾಯಿತು. ತಾಪತ್ರಯ ಶುರುವಾದದ್ದು ಅಲ್ಲಿಂದ ಮುಂದೆ. ಹ್ಯಾಂಡಲ್ ಎತ್ತರವಾದ ಕೂಡಲೇ ಉಳಿದದ್ದೆಲ್ಲ ಗಿಡ್ಡವಾಯಿತು. ಕ್ಲಚ್ಚಿನ ಕೇಬಲ್, ಬ್ರೇಕಿನ ಕೇಬಲ್ ಉದ್ದನೆಯವು ತಂದದ್ದಾಯಿತು. ವೈರುಗಳನ್ನು ಕತ್ತರಿಸಿ ಜೋಡಿಸಬೇಕಾಯಿತು. ಮುಂದಿನ ದೀಪದ ಬಟ್ಟಲು ಬಿಚ್ಚಿದರೆ ಒಳಗೆ ವೈರುಗಳದೇ ಒಂದು ಗುಬ್ಬಿಗೂಡು. ಎಷ್ಟೋ ಬೇಸಿಗೆ ಕಂಡ ವೈರುಗಳು ಕೆಂಪು, ಹಸಿರು ಎಲ್ಲ ಬಿಟ್ಟು ಒಂದೇ ಮಣ್ಣಿನ ಬಣ್ಣಕ್ಕೆ ಬಂದಿದ್ದವು. ಹಿಂದಿನ ದೀಪಗಳಿಗೆ ಹೋಗುವ ವೈರುಗಳು ಚೌಕಟ್ಟಿಗೆ ತಿಕ್ಕಿ ತಿಕ್ಕಿ ಸವೆದಿದ್ದವು. ಅವನ್ನೂ ಕತ್ತರಿಸಿ ಟಾಕಿಯ ಅಡಿಯಿಂದ ಬೇರೆ ದಾರಿಯಲ್ಲಿ ಒಯ್ಯಬೇಕಿತ್ತು.

ಗೊಂದಲವಾಗಬಾರದೆಂದು ನಾನು ಕತ್ತರಿಸುವ ಮೊದಲು ಒಂದೊಂದು ವೈರಿಗೂ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಸುತ್ತಿ ಒಂದೊಂದು ಅಕ್ಷರ ಬರೆದಿದ್ದೆ. ಹಾರ್ನಿಗೆ ‘ಹಾ’. ಎಡಕ್ಕೆ ತಿರುಗುವ ದೀಪಕ್ಕೆ ‘ಎ’. ಬಲಕ್ಕೆ ತಿರುಗುವ ದೀಪಕ್ಕೆ ‘ಬ’. ಬ್ರೇಕಿನ ಕೆಂಪು ದೀಪಕ್ಕೆ ‘ನಿ’, ಅಂದರೆ ‘ನಿಲ್ಲು’. ಮೈದಾನದಲ್ಲಿ ಜೀವಮಾನವಿಡೀ ಕೂಗಿದ ಶಬ್ದ ಅದು, ಇನ್ನೇನು ಬರೆಯಬೇಕು?

ಆಚಾರ್ಯರು ಕೂತು ವೈರು ಹೆಣೆದರು. ನಾನು ನಿಂತು ಅಪ್ಪಣೆ ಕೊಟ್ಟೆ. ಎಲ್ಲ ಮುಗಿದ ಮೇಲೆ ವೈರುಗಳನ್ನು ಸಾಲಾಗಿ, ಎಲ್ಲೂ ಜೋಲದಂತೆ ಬಿಗಿದು ಕಟ್ಟಿಸಿದೆ. ನೋಡಲು ಬಲು ಚೆಂದ ಕಂಡಿತು. ಹ್ಯಾಂಡಲ್ ಎಡಕ್ಕೆ ಪೂರ್ತಿ ಹೊರಳಿಸಿದೆ. ಯಾರೂ ಮುಟ್ಟದೆ ಹಾರ್ನ್ ಕಿರುಚಿತು. ಬಲಕ್ಕೆ ಹೊರಳಿಸಿದೆ, ಸುಮ್ಮನಾಯಿತು. ಎಡಕ್ಕೆ, ಮತ್ತೆ ಕಿರುಚಿತು.

ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಹೇಳಿದಳು: “ಹಂಗ ಬಿಗದು ಕಟ್ಟಿದ್ರ ಅಳದ ಮತ್ತೇನ್ ಮಾಡತೈತಿ? ಅದೇನು ನಿಮ್ಮ ಸಾಲಿ ಹುಡುಗೂರ ಸಾಲೇನ್ರಿ? ಉಸರಾಡಾಕ ಒಂದಿಷ್ಟು ಸಡಲ ಬಿಡ್ರಿ.”

ಸಡಿಲ ಬಿಟ್ಟೆವು. ಹ್ಯಾಂಡಲ್ಲಿನ ಬುಡದಲ್ಲಿ ವೈರು ಒಂದು ಸುತ್ತು ಜೋಲಿತು. ಕಣ್ಣಿಗೆ ಚುಚ್ಚಿದರೂ ಹಾರ್ನ್ ಬಾಯಿ ಮುಚ್ಚಿತು.

ಕೊನೆಗೆ ತಪಾಸಣೆ. ಆಚಾರ್ಯರನ್ನು ಗಾಡಿಯ ಹಿಂದೆ ನಿಲ್ಲಿಸಿ ನಾನು ಮುಂದೆ ನಿಂತೆ. ಎಡಗಡೆಯ ಸ್ವಿಚ್ಚು ಒತ್ತಿದೆ.

“ಹತ್ತಿತೇನ್ರೀ?”

“ಹತ್ತೇದರಿ.”

ಬಲಗಡೆಯದು ಒತ್ತಿದೆ. “ಹತ್ತಿತೇನ್ರೀ?”

“ಹತ್ತೇದರಿ.”

ಬ್ರೇಕ್ ತುಳಿದೆ. “ಹತ್ತಿತೇನ್ರೀ?”

“ಹತ್ತೇದರಿ ಮಾಸ್ತರ್ರ! ದೀಪ ಹಚ್ಚೂದ್ರಾಗ ನಮ್ಮ ಮನೆತನ ಎಂದೂ ತಪ್ಪಿಲ್ಲ.”

ಐತವಾರ ಬೆಳಿಗ್ಗೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟೆವು. ಪಟ್ಟಾದ ಕೃಪೆಯಿಂದಲೂ ಹೊಸ ಹ್ಯಾಂಡಲ್ಲಿನ ಕೃಪೆಯಿಂದಲೂ ನಾನು ಗೋಡೆಯಂತೆ ನೆಟ್ಟಗೆ ಕೂತಿದ್ದೆ. ಎರಡೂ ಬದಿಗೆ ಜೋಳ, ಕಡಲೆ. ತಣ್ಣನೆ ಗಾಳಿ. ಹಿಂದಿನಿಂದ, “ಈಗ ಮನಷ್ಯಾರಂಗ ಕುಂತೀರಿ ನೋಡ್ರಿ,” ಎಂಬ ಪ್ರಶಸ್ತಿಯೂ ಬಂತು. ಗಾಡಿ ಉಳಿಯಿತು ಎಂದುಕೊಂಡೆ.

ಮುರಗೋಡ ದಾಟಿ ಸವದತ್ತಿಯ ದಾರಿ ಬಲಕ್ಕೆ ಒಡೆಯುವಲ್ಲಿ ಕುರಿಯ ಹಿಂಡು ಅಡ್ಡ ಬಂತು. ನಾನು ಬ್ರೇಕ್ ತುಳಿದೆ. ಹಿಂದೆ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರು ನಿಲ್ಲುವ ಬದಲು ನನ್ನ ಎಡಕ್ಕೆ ನುಗ್ಗಿತು. ಕುರಿಗಳ ಮುಂದೆ ಕಿರ್ರನೆ ನಿಂತಿತು. ಕಬ್ಬಿನ ಗರಿ ನನ್ನ ಮೊಳಕೈಗೆ ಸವರಿತು. ಚಾಲಕ ಮೇಲಿಂದಲೇ ಸುರು ಮಾಡಿದ.

“ಯಜ್ಜಾ, ಬಲಕ್ಕ ಲೈಟ್ ಹಾಕಿ ನಡುರಸ್ತಿದಾಗ ನಿಂದರತೀಯಲ್ಲೋ! ಮುದುಕ-ಮುದುಕಿ ಸವದತ್ತಿ ಎಲ್ಲವ್ವನ ಗುಡ್ಡಕ್ಕ ಹೊಂಟ್ರು ಅಂತ ತಿಳದು ನಾ ಎಡಕ ಹೊಂಟೆ!”

“ನಾ ಲೈಟ್ ಹಾಕಿಲ್ಲಪಾ. ಬ್ರೇಕ್ ಹಾಕೇನಿ.”

“ಹಂಗಾರ ನಿನ್ನ ಬ್ರೇಕ್ ಸವದತ್ತಿಗಿ ಹೊಂಟೈತಿ ನೋಡ!”

ಕುರಿಗಳು ಹೋದವು, ಟ್ರ್ಯಾಕ್ಟರೂ ಹೋಯಿತು. ಗಾಡಿಯನ್ನು ಬದಿಗೆ ತಂದು ಹೆಂಡತಿಯನ್ನು ಹಿಂದೆ ನಿಲ್ಲಿಸಿ ಬ್ರೇಕ್ ತುಳಿದೆ. ಈ ಸಲ ಪ್ರಶ್ನೆ ಬದಲಿಸಿದೆ.

“ಯಾವುದು ಹತ್ತೈತಿ?”

“ಬಲಗಡಿಂದು. ಕಿತ್ತಳಿ ಬಣ್ಣದ್ದು.”

ಬಲದ ಸ್ವಿಚ್ಚು ಒತ್ತಿದೆ.

“ಈಗ ನಡುವಿನ ಕೆಂಪಂದು ಕಣ್ಣ ಹೊಡ್ಯಾಕ ಹತ್ತೇತ್ರಿ,” ಎಂದು ಅವಳು ಬಾಯಿಗೆ ಸೆರಗು ಹಿಡಿದಳು.

ನನಗೆ ನಗು ಬರಲಿಲ್ಲ. ದೀಪ ಸುಳ್ಳು ಹೇಳುವ ಗಾಡಿಯನ್ನು ರಸ್ತೆಯ ಮೇಲೆ ಓಡಿಸುವುದು ನನ್ನಿಂದಾಗದ ಕೆಲಸ. ಬಿಚ್ಚಿ ಸರಿಪಡಿಸಲು ಟಾಕಿ ಇಳಿಸಬೇಕು. ಅಲ್ಲಿ ಪಾನಾ ಇಲ್ಲ, ಬಗ್ಗುವ ಕತ್ತಿಲ್ಲ. ಉಳಿದದ್ದು ಒಂದೇ ದಾರಿ: ಮುರಗೋಡದಲ್ಲಿ ಗಾಡಿ ಬಿಟ್ಟು ಬಸ್ಸಿಗೆ ಊರು ಸೇರುವುದು. ಅಂದರೆ ಸೋಮವಾರ ಟೆಂಪೊ, ಹಾರ, ಲೈಟಿನ ಸರ.

“ಹೊಳ್ಳಿ ಹೋಗೂಣು,” ಎಂದೆ.

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. “ಯಾಕ? ಲೈಟ್ ಇಲ್ಲದ ಕಾಲಕ್ಕ ಜನಾ ಗಾಡಿ ಹೊಡೀಲಿಲ್ಲೇನು? ಬಲಕ್ಕ ಕೈ ಚಾಚಿದ್ರ ಬಲ, ಕೆಳಗ-ಮ್ಯಾಲೆ ಆಡಿಸಿದ್ರ ನಿಲ್ಲೂದು. ಸಾಲಿ ಮೈದಾನದಾಗ ಸುಣ್ಣದ ರಸ್ತೆ ಬರದು ನೀವ ಕಲಸ್ತಿದ್ರೆಲ್ಲ. ನಾ ಅಲ್ಲೆ ಬೇಲಿ ಹೊರಗ ನೀರಿನ ಕೊಡ ಹೊತ್ತು ನಿಂತು ಕಲತೇನಿ. ನೀವು ಹೊಡೀರಿ. ನಾ ಕೈ ತೋರಸ್ತೇನಿ. ಸೀತನಿ ಆರತೈತಿ.”

ಹಾಗೆಯೇ ಹೋದೆವು, ನಿಧಾನವಾಗಿ, ರಸ್ತೆಯ ಅಂಚು ಹಿಡಿದು. ನಾನು ಬ್ರೇಕಿನ ಮೇಲೆ ಕಾಲಿಡುವ ಮೊದಲೇ ‘ನಿಲ್ಲೂದು’ ಎಂದು ಹೇಳಬೇಕು, ಅವಳ ಕೈ ಹೊರಬರಬೇಕು, ಆಮೇಲೆ ತುಳಿಯಬೇಕು. ಕೈತುಂಬ ಹಸಿರು ಬಳೆ. ನನ್ನ ಕಿವಿಯ ಹತ್ತಿರ ಒಂದು ‘ಝಲ್’ ಕೇಳಿದರೆ ಸಿಗ್ನಲ್ ಹೋಯಿತೆಂದು ಅರ್ಥ. ಹಿಂದೆ ಬಂದ ಬಸ್ಸಿನ ಡ್ರೈವರ್ ಹಾರ್ನ್ ಬಾರಿಸದೆ ಶಿಸ್ತಾಗಿ ಕಾದ. ಅಂಥ ಗೌರವ ನನ್ನ ಯಾವ ದೀಪಕ್ಕೂ ಸಿಕ್ಕಿರಲಿಲ್ಲ. ಸಾಲಹಳ್ಳಿಯ ಹೊಲದ ದಾರಿಗೆ ಹೊರಳುವಾಗ ಅವಳು ಕೈಯನ್ನು ಎಷ್ಟು ಗತ್ತಿನಿಂದ ಚಾಚಿದಳೆಂದರೆ, ಎದುರಿನಿಂದ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನೂ ನಿಂತುಬಿಟ್ಟ. ಎಮ್ಮೆಯೂ ನಿಂತಿತು.

ಸೀತನಿ ಇನ್ನೂ ಬಿಸಿಯಾಗಿತ್ತು.

ಇಳಿಹೊತ್ತಿಗೆ ಮನೆ ಸೇರಿದವನೇ ಆಚಾರ್ಯರನ್ನು ಕರೆದೆ.

“‘ಬ’ ಅಂದ್ರೇನ್ರಿ?”

“ಬ್ರೇಕು.”

“‘ನಿ’?”

“ನಿಶಾನಿ. ಹೊಳ್ಳೂ ನಿಶಾನಿ.”

“‘ಎ’ ಅಂದ್ರ ಎಡ ಅಂತ ತಿಳಿದವರಿಗೆ ‘ಬ’ ಅಂದ್ರ ಬಲ ಅಂತ ಹೊಳೀಲಿಲ್ಲೇನ್ರಿ?”

“ಎಡ ಆದಮ್ಯಾಲೆ ಬಲ ಬರೋದು ನಿಮ್ಮ ಡ್ರಿಲ್‌ನ್ಯಾಗ, ಮಾಸ್ತರ್ರ. ವ್ಯಾಕರಣದಾಗ ಹಂಗೇನಿಲ್ಲ. ಒಂದಕ್ಷರಕ್ಕ ಎರಡರ್ಥ ಬಂದ್ರ ಅದಕ್ಕ ಶ್ಲೇಷ ಅಂತಾರ. ಮತ್ತ ನೀವು ಹತ್ತಿತೇನು ಅಂತ ಕೇಳಿದ್ರಿ, ನಾ ಹತ್ತೇದ ಅಂದೆ. ಯಾವುದು ಅಂತ ಕೇಳಿದ್ರೇನು?”

ಅವರ ಶ್ಲೇಷವನ್ನು ಅವರ ಕೈಯಿಂದಲೇ ಬಿಚ್ಚಿಸಿ, ಪಟ್ಟಿಗಳ ಮೇಲೆ ಪೂರ್ತಿ ಶಬ್ದಗಳನ್ನು ಬರೆದು, ಕತ್ತಲಾಗುವ ಮೊದಲು ದೀಪಗಳನ್ನು ಸರಿದಾರಿಗೆ ತಂದೆವು.

ಸೋಮವಾರ ಸಾವಕಾರರು ಟೆಂಪೊ ತಂದೇಬಿಟ್ಟರು. ಜೊತೆಗೆ ಹಗ್ಗ, ಹಳೆಯ ಗಾದಿ. ದಾರಿಯ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು.

“ಬ್ರೇಕ್ ಸವದತ್ತಿಗಿ ಹೋಗಿತ್ತಂತಲ್ರಿ ಸರ?” ಎಂದರು, ಮೀಸೆಯಲ್ಲೇ ನಗುತ್ತ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಬಾಗಿಲಿಗೆ ಬಂದಳು.

“ಬ್ರೇಕ್ ಸವದತ್ತಿಗಿ ಹೋಗಿರಬೇಕ್ರಿ. ನಾವು ಸಾಲಹಳ್ಳಿಗಿ ಹೋಗಿ ಬಂದೇವಿ. ಗಾಡಿ ಕೊಡೂದಿಲ್ರಿ ಅಣ್ಣಾರ. ಅದರಾಗ ನನಗ ನೌಕರಿ ಹತ್ತೇತಿ.”

ಸಾವಕಾರರಿಗೆ ಏನೂ ತಿಳಿಯಲಿಲ್ಲ. ಚಹಾ ಕುಡಿದು, ಟೆಂಪೊದಲ್ಲಿ ಖಾಲಿ ಗಾದಿ ಹೇರಿಕೊಂಡು ಕಿತ್ತೂರಿಗೆ ಹೋದರು.

ಈಗ ನನ್ನ ದೀಪಗಳು ಶಿಸ್ತಿನಲ್ಲಿವೆ. ಆದರೂ ಬಲಕ್ಕೆ ಹೊರಳುವಾಗ ಕಿತ್ತಳೆ ದೀಪದ ಜೊತೆಗೆ ಹಸಿರು ಬಳೆಯ ಕೈಯೂ ಹೊರಗೆ ಬರುತ್ತದೆ. ಬೇಡವೆಂದರೆ, ಹತ್ತಿದ ನೌಕರಿ ಬಿಡುವುದು ಹೇಗೆ ಎನ್ನುತ್ತಾಳೆ. ಹೊರಡುವ ಮುನ್ನ ಅವಳನ್ನು ಹಿಂದೆ ನಿಲ್ಲಿಸಿ ಒಂದೊಂದೇ ದೀಪ ಹಚ್ಚಿ ಕೇಳುತ್ತೇನೆ: “ಯಾವುದು ಹತ್ತೈತಿ? ಈಗ ಯಾವುದು ಹತ್ತೈತಿ?” ಮೊದಮೊದಲು ಬಣ್ಣ ಹೇಳುತ್ತಿದ್ದಳು. ನಿನ್ನೆ ಉತ್ತರ ಬರುವ ಮೊದಲೇ ಹಿಂದಿನ ಸೀಟು ಒಮ್ಮೆ ಕುಸಿದು ಎದ್ದಿತು.

“ನಾ ಹತ್ತೇನಿ. ನಡೀರಿ.”