ಎರಡೂ ಸರ್ವರ್ ನಿಂತ ಮೇಲೆ

ಕಂಪ್ಯೂಟರಿನ ಮುಂದೆ ಕುಳಿತವರು ಹೇಳುವ ವಿಚಿತ್ರಗಳನ್ನು ನಾನು ನಂಬಿದವನಲ್ಲ. ಕಾರಣ ಇನ್ನೂ ಸಿಕ್ಕಿಲ್ಲ ಅಷ್ಟೆ ಎಂದು ಎದ್ದುಹೋಗುತ್ತಿದ್ದೆ. ಈಗ ನನ್ನ ಮಾತನ್ನು ನೀವು ಹಾಗೆಯೇ ತಳ್ಳಿಹಾಕಿದರೂ ಬೇಸರವಿಲ್ಲ.

ಯಾವ ಗುಂಪಿನ ರಕ್ತ ಎಲ್ಲಿ ಸಿಗುತ್ತದೆಂದು ಆಸ್ಪತ್ರೆಗಳಿಗೆ ತಿಳಿಸುವ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದು ಒಂದು ಕ್ಷಣವೂ ನಿಲ್ಲಬಾರದೆಂದು ಮಣಿಪಾಲದಲ್ಲೊಂದು, ಕಾರ್ಕಳದಲ್ಲೊಂದು ಸರ್ವರ್ ಇಟ್ಟು, ಎರಡನ್ನೂ ಜೋಡಿಸಿ ಕ್ಲಸ್ಟರ್ ಮಾಡಿದ್ದೆವು. ಒಂದು ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತದೆ. ಅದಕ್ಕಾಗಿ ಅವು ಸದಾ ಒಂದನ್ನೊಂದು ವಿಚಾರಿಸಿಕೊಳ್ಳುತ್ತಿರಬೇಕು. ನನ್ನ ಜೊತೆ ಕೆಲಸ ಮಾಡುವ ಲವೀನಾ ಆ ಪ್ರಶ್ನೋತ್ತರವನ್ನು ನಮ್ಮ ಮಾತಿನಲ್ಲೇ ಬರೆದಿದ್ದಳು: 'ಉಂಟಾ?' 'ಉಂಟು.'

'ಊಟ ಆಯ್ತಾ ಅಂತಲೂ ಕೇಳಿಸು ಮಾರಾಯ್ತಿ' ಎಂದು ನಾನು ತಮಾಷೆ ಮಾಡಿದ್ದೆ. ಸರ್ವರುಗಳ ಆ ಮಾತುಕತೆ ನನ್ನ ಫೋನಿನಲ್ಲೂ ಕಾಣುತ್ತಿತ್ತು.

ಆ ಮಧ್ಯಾಹ್ನ ನಾನು ಕಾಪುವಿನ ಒಂದು ಆಸ್ಪತ್ರೆಯಲ್ಲಿದ್ದೆ. ಹೆರಿಗೆಯಾದ ತಂಗಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದು ಒ ನೆಗೆಟಿವ್. ಅಲ್ಲಿದ್ದ ರಕ್ತದ ಚೀಲ ಆಗಲೇ ಮುಗಿದಿತ್ತು. ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆದು ಅಳಿಸಿದೆ. ಅದು ನಾನು ಆಮೇಲೆ ಸೇರಿಸಿಕೊಂಡ ಮಳೆಯಿರಬೇಕು.

ಮಣಿಪಾಲದ ಸರ್ವರನ್ನು ಅಂದು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಕಾರ್ಕಳದಿಂದ ಲವೀನಾ ಫೋನ್ ಮಾಡಿದಳು. 'ಇಲ್ಲಿ ಕರೆಂಟಿಲ್ಲ, ಬ್ಯಾಟರಿಯೂ ಹೋಯ್ತು. ಎರಡೂ ಸತ್ತವು ಮಾರಾಯ.'

ಫೋನಿನ ಪರದೆ ನೋಡಿದೆ. 'ಉಂಟು' ಎಂದಿತ್ತು. ಮತ್ತೆ, 'ಉಂಟು'. ಪ್ರಶ್ನೆಯೇ ಇರಲಿಲ್ಲ, ಉತ್ತರ ಮಾತ್ರ ಬರುತ್ತಿತ್ತು.

ಅಷ್ಟರಲ್ಲಿ ಕೌಂಟರಿನ ನರ್ಸ್ ತಮ್ಮ ಕಂಪ್ಯೂಟರ್ ನೋಡುತ್ತ ಕರೆದರು. 'ಒ ನೆಗೆಟಿವ್ ಹಿರಿಯಡ್ಕದಲ್ಲಿ ಉಂಟು, ಎರಡು ಚೀಲ.'

'ಅದು ಹಳೆಯದು ಸಿಸ್ಟರ್. ಸರ್ವರ್ ನಿಂತಿದೆ, ಈಗ ಎಂತದೂ ಬರ್ಲಿಕ್ಕೆ ಸಾಧ್ಯ ಇಲ್ಲ.'

'ನಿಮ್ಮ ಸರ್ವರ್ ನಿಮಗೇ ಇರಲಿ. ಇಲ್ಲಿ ಈಗಷ್ಟೇ ಬಂತಲ್ಲ! ಫೋನ್ ಮಾಡಿ ನೋಡಿ ಮೊದಲು.'

ಹಿರಿಯಡ್ಕದ ರಕ್ತನಿಧಿಯವರು ಫೋನ್ ಎತ್ತಿದರು. ಪರೀಕ್ಷೆ ಮುಗಿಸಿ ಫ್ರಿಜ್ಜಿನಲ್ಲಿಟ್ಟು ಈಗ ತಾನೇ ಕಂಪ್ಯೂಟರಿಗೆ ಹಾಕಿದ್ದು ಎಂದರು. ಚೀಲಗಳು ಬಂದವು. ತಂಗಿ ಬದುಕಿದಳು.

ಸಂಜೆ ಕಾರ್ಕಳದ ಸರ್ವರ್ ಎದ್ದಿತು. ಆ ಎರಡು ಚೀಲಗಳ ಸುದ್ದಿಯೇ ಅದರಲ್ಲಿರಲಿಲ್ಲ. ಆಮೇಲೆ ಮಣಿಪಾಲದ್ದನ್ನೂ ಜೋಡಿಸಿ ನೋಡಿದೆವು, ಅಲ್ಲೂ ಇಲ್ಲ. ಮೂರನೆಯ ಸರ್ವರ್ ಎಂಬುದು ನಮಗೆ ಇರಲೇ ಇಲ್ಲ. ಕಾಪುವಿನ ಆಸ್ಪತ್ರೆಯ ಕಂಪ್ಯೂಟರ್ ಸರ್ವರಿನಿಂದ ಬಂದದ್ದನ್ನು ತೋರಿಸುತ್ತದೆ ಅಷ್ಟೆ, ತಾನಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಹಿಂದಿನದನ್ನು ಇಟ್ಟುಕೊಂಡಿತ್ತು ಎಂದರೂ, ಆಗಷ್ಟೇ ಹಾಕಿದ್ದು ಅದಕ್ಕೆ ಹೇಗೆ ಗೊತ್ತಾಯಿತು?

ನೆನಪು ಇಷ್ಟು ಓರಣವಾಗಿದ್ದರೆ ನನಗೆ ಅನುಮಾನ. ಲವೀನಾ, ನರ್ಸ್, ಹಿರಿಯಡ್ಕದವರು, ಮೂವರನ್ನೂ ಬೇರೆಬೇರೆಯಾಗಿ ಕೇಳಿದೆ, ಎಲ್ಲಾದರೂ ತಾಳೆ ತಪ್ಪಲಿ ಎಂಬ ಆಸೆಯಿಂದ. ತಪ್ಪಲಿಲ್ಲ.

ಕೊನೆಗೆ ತಂಗಿಗೂ ಹೇಳಿದೆ. ಮಗುವಿಗೆ ಹಾಲೂಡಿಸುತ್ತಿದ್ದವಳು ತಲೆ ಎತ್ತಿದಳು.

'ಹಾಗಾದ್ರೆ ಆ ಪರದೆಯಲ್ಲಿ ಬರೆದದ್ದು ಯಾರಣ್ಣ?'

ಈಗಲೂ ಅವಳ ಮನೆಗೆ ಹೋದಾಗ, ಅವಳು ಕೇಳುವ ಮೊದಲೇ ಬೇರೆ ಮಾತೆತ್ತುತ್ತೇನೆ.