ದ್ರಾಕ್ಷಿಯ ಭರಣಿಗೆ ಬಿದ್ದ ರಾಗಿ

ನಾನು ಮದುವೆಯಾಗಿ ಕುಂದಲಹಳ್ಳಿಗೆ ಬರುವ ಮೊದಲೇ ನನಗೆ ಬಾಯಿ ಜಾಸ್ತಿ ಅನ್ನುವ ಸುದ್ದಿ ಆ ಮನೆ ತಲುಪಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಗಂಡನ ಮನೆಯವರಿಗೆ ರಾಗಿ ಹೊಲದ ಜೊತೆಗೆ ಒಂದು ಕಪ್ಪು ದ್ರಾಕ್ಷಿ ತೋಟವಿತ್ತು. ಹಣ್ಣು ಬಹುಪಾಲು ಮಾರುಕಟ್ಟೆಗೆ ಹೋಗುತ್ತಿತ್ತು. ಚಪ್ಪರದಲ್ಲಿ ಬಿಸಿಲು ಚೆನ್ನಾಗಿ ಬೀಳುವ ಕಡೆಯ ಗೊಂಚಲುಗಳು ಮಾತ್ರ ವೈಟ್‌ಫೀಲ್ಡಿನ ಒಂದು ಹೆಂಚಿನ ಬಂಗಲೆಗೆ ಮೀಸಲು. ಅಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಮುದುಕಿ ಒಬ್ಬರೇ ಇದ್ದರು. ನಮ್ಮ ಊರಿನವರ ಬಾಯಲ್ಲಿ ಅವರು ದೊರೆಸಾನಿ. ವರ್ಷವರ್ಷವೂ ನಮ್ಮ ದ್ರಾಕ್ಷಿಯಿಂದಲೇ ಕ್ರಿಸ್‌ಮಸ್ಸಿಗೆ ವೈನ್ ಮಾಡುತ್ತಿದ್ದರು.

ಬುಟ್ಟಿ ಕೊಟ್ಟು ಬರುವ ಕೆಲಸ ನನ್ನ ಪಾಲಿಗೆ ಬಂತು. ಹೋಗುತ್ತಾ ಬರುತ್ತಾ ಇಬ್ಬರಿಗೂ ಸಲಿಗೆ ಬೆಳೆಯಿತು. ಅವರ ಊಟದ ಕೋಣೆಯ ಬೀರುವಿನಲ್ಲಿ ಹಿಂದಿನ ವರ್ಷಗಳ ಬಾಟಲಿಗಳು ಅಡ್ಡಡ್ಡ ಮಲಗಿರುತ್ತಿದ್ದವು. ಹಬ್ಬಕ್ಕೆ ಮುಂಚೆ ಒಂದು ಸಂಜೆ ಅವರ ಅಣ್ಣ ಬರುತ್ತಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಒಂದು ಹಳೆಯ ಬಾಟಲಿ, ಒಂದು ಆ ವರ್ಷದ್ದು, ಎರಡನ್ನೂ ತೆರೆದು ಪಕ್ಕಪಕ್ಕ ಇಟ್ಟು ಅಣ್ಣ ತಂಗಿ ರುಚಿ ನೋಡುವುದು ಪದ್ಧತಿ. ಹಳೆಯದರ ಎದುರು ಹೊಸದು ನಿಂತರೆ ಹಬ್ಬದ ಮೇಜಿಗೆ ಬರುತ್ತದೆ. ನಿಲ್ಲದಿದ್ದರೆ ಅಡಿಗೆಮನೆಯ ಮೂಲೆಯಲ್ಲಿ ಹುಳಿ ಬಂದು ಮಾಂಸದ ಸಾರಿಗೆ ವಿನಿಗರ್ ಆಗುತ್ತದೆ. ಒಂದೇ ಒಂದು ವರ್ಷ ಹಾಗಾಗಿತ್ತಂತೆ. ಆ ವರ್ಷದ ಮಾತೆತ್ತಿದರೆ ದೊರೆಸಾನಿ ಮುಖ ತಿರುಗಿಸಿಬಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಬಲಗೈ ಮಾತ್ರ ಸ್ವಾಧೀನದಲ್ಲಿರಲಿಲ್ಲ. ದ್ರಾಕ್ಷಿ ಹಣ್ಣಾದ ಕಾಲಕ್ಕೆ ನನ್ನನ್ನು ಕರೆದು, “ಈ ವರ್ಷ ನೀನು ಮಾಡು ಚೈಲ್ಡ್, ನಾನು ಹೇಳ್ತೀನಿ. ಚೆನ್ನಾಗಿ ಬರ್ಲಿಲ್ಲ ಅಂದ್ರೆ ವೈನ್ ಹಾಕೋ ಭರಣೀನೇ ಯಾರಿಗಾದ್ರೂ ಕೊಟ್ಬಿಡ್ತೀನಿ, ಈ ಮನೇಲಿ ವೈನ್ ಮುಗೀತು,” ಅಂದರು. ನಗುನಗುತ್ತಲೇ ಹೇಳಿದರು. ಆದರೆ ಕಣ್ಣು ನಗುತ್ತಿರಲಿಲ್ಲ.

ಅತ್ತೆಗೆ ವಿಷಯ ತಿಳಿಸಿದೆ. “ಶ್ರಾವಣದಾಗೆ ಒಳ್ಳೆ ಮನೆ ಎಣ್ಮಕ್ಳು ಎಂಡ ಕಲ್ಸಕ್ಕೋಯ್ತಾರಾ?” ಅಂತ ಹಣೆ ಚಚ್ಚಿಕೊಂಡರು.

“ಎಂಡ ಅಲ್ಲತ್ತೆ, ವೈನು. ದೊರೆಸಾನಮ್ಮಂಗೆ ಕೈ ಬರಾಕಿಲ್ಲ.”

“ಯಾವ್ದಾದ್ರೇನು, ಕುಡುದ್ರೆ ಅಮಲೇ ಅಲ್ವಾ,” ಅಂದರು. ಆದರೂ ಬೆಳಿಗ್ಗೆ ನೋಡಿದರೆ ಬುಟ್ಟಿಯಲ್ಲಿ ಒಂದೇ ಒಂದು ಒಡೆದ ಹಣ್ಣಿಲ್ಲ, ಎಲ್ಲ ಆರಿಸಿ ಇಟ್ಟಿದ್ದರು.

ಬಂಗಲೆಯ ಅಡಿಗೆಮನೆಯಲ್ಲಿ ಹಣ್ಣು ಬಿಡಿಸಿ, ಒರೆಸಿ, ಕೈಯಲ್ಲೇ ಕಿವುಚಿ ಭರಣಿಗೆ ತುಂಬಿದೆ. ಮೊಣಕೈವರೆಗೆ ನೇರಳೆ ಬಣ್ಣ. ಸಕ್ಕರೆ, ಕಾಯಿಸಿ ಆರಿಸಿದ ನೀರು, ಲವಂಗ, ಚಕ್ಕೆ. ದೊರೆಸಾನಿ ಕುರ್ಚಿಯಲ್ಲಿ ಕೂತು ಹೇಳುತ್ತಾ ಹೇಳುತ್ತಾ ಹಾಗೇ ನಿದ್ದೆ ಹೋದರು. ಉಳಿದದ್ದು ಹುದುಗು ಬರಲೆಂದು ಹಾಕುವ ಒಂದು ಹಿಡಿ ಗೋಧಿ. ಡಬ್ಬಿ ತೆಗೆದರೆ ಗೋಧಿಯ ತುಂಬಾ ಹುಳ. ಪಕ್ಕದಲ್ಲೇ ಅವರ ಗಂಜಿಗೆಂದು ನಾನು ಮೊಳಕೆ ಕಟ್ಟಿ ಒಣಗಿಸಿ ತಂದುಕೊಟ್ಟಿದ್ದ ರಾಗಿ ಇತ್ತು. ಧಾನ್ಯ ಧಾನ್ಯವೇ ಅಲ್ಲವೇ ಅಂದುಕೊಂಡು ಒಂದು ಹಿಡಿ ಹಾಕಿ, ಬಟ್ಟೆ ಕಟ್ಟಿ ಮನೆಗೆ ಬಂದೆ. ರಾಗಿಹಿಟ್ಟು ಉಂಡು ಬೆಳೆದವಳಿಗೆ ಇನ್ನೇನು ಹೊಳೆಯಬೇಕು!

ಮಾರನೇ ದಿನ ಹೋದರೆ ಭರಣಿ ಬುಸುಗುಟ್ಟುತ್ತಿತ್ತು. ಬಟ್ಟೆ ಉಬ್ಬಿ, ನೊರೆ ಉಕ್ಕಿ ನೆಲವೆಲ್ಲ ಕೆಂಪಾಗಿತ್ತು. ದೊರೆಸಾನಿ ಗಾಬರಿಯಾಗಿ, “ಏನು ಹಾಕಿದೆ?” ಅಂದರು. ರಾಗಿ ಅಂದೆ. ಎಡಗೈಯಿಂದ ಬಟ್ಟೆ ಸರಿಸಿ ಮೂಸಿ ನೋಡಿದರು. ಚೆಲ್ಲುತ್ತಾರೆ ಅಂದುಕೊಂಡೆ. “ದಿನಾ ಬಂದು ಕಲಕು,” ಅಂದರು, ಅಷ್ಟೇ. ಸೋಸಿ ಬಾಟಲಿಗೆ ತುಂಬುವವರೆಗೆ ದಿನವೂ ಕುಂದಲಹಳ್ಳಿಯಿಂದ ನಡೆದು ಹೋಗಿ ಮರದ ಸೌಟಿನಲ್ಲಿ ಕಲಕಿ ಬಂದೆ. ಅಲ್ಲಿಂದ ಡಿಸೆಂಬರಿನ ತನಕ ನನಗೆ ಸರಿಯಾಗಿ ಅನ್ನ ಸೇರಲಿಲ್ಲ. ಅವರ ಮನೆಯ ಪದ್ಧತಿ ನನ್ನ ಕೈಯಲ್ಲಿ ನಿಂತುಹೋದರೆ ಆ ಗೇಟಿನ ಮುಂದೆ ಯಾವ ಮುಖ ಇಟ್ಟುಕೊಂಡು ಓಡಾಡಲಿ?

ಅಣ್ಣ ಬಂದು ರುಚಿ ನೋಡುವ ಆ ಸಂಜೆ ಬಂತು. ಮೇಜಿನ ಮೇಲೆ ಎರಡು ಬಾಟಲಿ. ಬಗ್ಗಿಸಿದವಳು ನಾನೇ. ಹಳೆಯದು ಗ್ಲಾಸಿನ ಅಂಚಿನಲ್ಲಿ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ನನ್ನದು ಕಡುನೇರಳೆ, ಬೆಳಕೇ ತೂರುತ್ತಿರಲಿಲ್ಲ. ದೊರೆಸಾನಿ ನನಗೂ ಒಂದೊಂದು ಗುಟುಕು ಕೊಟ್ಟರು. ಹಳೆಯದು ನಾಲಿಗೆಯ ಮೇಲೆ ಸದ್ದಿಲ್ಲದೆ ಇಳಿಯಿತು. ಒಣದ್ರಾಕ್ಷಿಯ ವಾಸನೆ, ನುಂಗಿದ ಮೇಲೂ ಉಳಿಯುವ ಲವಂಗ. ನನ್ನದು ಬಾಯಿಗೆ ಬಿದ್ದ ಕೂಡಲೇ ಚುರ್ ಅಂದಿತು. ಸಿಹಿ ಕಮ್ಮಿ. ಕೊನೆಗೆ ಮಾತ್ರ ಹುರಿದ ರಾಗಿಹಿಟ್ಟಿನ ಘಮ, ನಿಧಾನವಾಗಿ. “ನಿನ್ನ ಹಾಗೇ ಇದೆ, ಬಾಗಿಲು ತೆಗೆದ ತಕ್ಷಣ ಮಾತು ಶುರು,” ಅಂದರು ದೊರೆಸಾನಿ.

ರಾಗಿಯ ಕತೆ ಕೇಳಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. “ವೈನಲ್ಲಿ ರಾಗಿ? ನೀನು ವೈನ್ ಮಾಡ್ತೀಯಾ, ಮುದ್ದೆ ಮಾಡ್ತೀಯಾ?”

ನನಗೆ ಪಿತ್ತ ನೆತ್ತಿಗೇರಿತು. “ಮುದ್ದೆನೂ ಮಾಡ್ತೀನಿ ಸಾರ್, ಬಂದು ಉಣ್ಣಿ. ಗೋಧೀಲಿ ಹುಳ ಇತ್ತು. ಹುಳದ ಸಮೇತ ಹಾಕ್ಬೇಕಿತ್ತಾ?”

ಅವರ ನಗು ನಿಂತಿತು. ದೊರೆಸಾನಿ ಎಡಗೈಯಲ್ಲಿ ಎರಡೂ ಗ್ಲಾಸುಗಳಿಂದ ಮತ್ತೊಮ್ಮೆ ಗುಟುಕರಿಸಿದರು. ಹಳೆಯದು, ಹೊಸದು, ಮತ್ತೆ ಹಳೆಯದು. ಆಮೇಲೆ ಅಣ್ಣನಿಗೆ ಹೇಳಿದರು: “ಪ್ರತಿ ವರ್ಷ ನಾನು ಹೊಸದ್ರಲ್ಲಿ ಹಳೇದನ್ನೇ ಹುಡುಕ್ತಿದ್ದೆ. ಇದ್ರಲ್ಲಿ ಅದಿಲ್ಲ. ಇದು ಬೇರೇನೇ. ನನ್ನದಕ್ಕಿಂತ ಒಳ್ಳೇದು ಅನ್ನಲ್ಲ. ಕಮ್ಮಿ ಅಂತಾನೂ ಅನ್ನಲ್ಲ. ಮೇಜಿಗೆ ಬರ್ಲಿ.”

ಕಣ್ಣೀರು ಬಂತು. ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ಕ್ರಿಸ್‌ಮಸ್ ದಿನ ಬಂಗಲೆಯ ತುಂಬಾ ಜನ. ದೊರೆಸಾನಿ ನನ್ನನ್ನು ಅಡಿಗೆಮನೆಯಿಂದ ಕರೆಸಿ ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಹಳೆಯ ಬಾಟಲಿಯ ಕಡೆ ಕೈ ಮಾಡಿ, “ಇದು ವೈಟ್‌ಫೀಲ್ಡ್,” ಅಂದರು. ನನ್ನ ಬಾಟಲಿಯ ಕತ್ತು ಹಿಡಿದು, “ಇದು ಕುಂದಲಹಳ್ಳಿ. ಮಾಡಿದ್ದು ಇವಳು,” ಅಂದರು. ಎರಡೂ ಸುತ್ತು ಬಂದವು. ಹಳೆಯದನ್ನು ಎಲ್ಲರೂ ಕಣ್ಣು ಮುಚ್ಚಿ ಹೊಗಳಿದರು. ಅದು ಹೊಗಳಿಕೆಗೆ ಯೋಗ್ಯವಾಗಿಯೇ ಇತ್ತು, ನನಗೇನೂ ಹೊಟ್ಟೆಕಿಚ್ಚಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮೇಜಿನ ಆ ತುದಿಯಿಂದ ದೊರೆಸಾನಿಯ ಅಣ್ಣ ಖಾಲಿ ಗ್ಲಾಸು ಚಾಚಿದರು.

“ಚೈಲ್ಡ್, ಕುಂದಲಹಳ್ಳಿ ಇನ್ನೊಂಚೂರು ಹಾಕಮ್ಮ.”

ಅಷ್ಟೂ ಜನರ ನಡುವೆ ನಡೆದು ಹೋಗಿ, ಒಂದು ಹನಿಯೂ ಚೆಲ್ಲದ ಹಾಗೆ, ಗ್ಲಾಸಿನ ಅಂಚಿನವರೆಗೂ ಬಗ್ಗಿಸಿದೆ.