ನಯೇಲಿಯ ಅಳತೆ

ಸೆನೈದಾ ಅಕ್ಕನ ಹೊಲಿಗೆ ಅಂಗಡಿಯೂ ನನ್ನ ತಲೆ ಬಾಚುವ ಅಂಗಡಿಯೂ ಒಂದೇ ಗೋಡೆಗೆ ಆತುಕೊಂಡಿವೆ. ಎಕ್ವಡಾರ್ ಕರಾವಳಿಯ ನಮ್ಮ ಊರಿನಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಮದುವೆಯಷ್ಟೇ ಸಂಭ್ರಮ. ಗೌನು ಅಕ್ಕನದು, ಜಡೆ ನನ್ನದು. ಅಕ್ಕನ ಬಾಯಿ ಜೋರು, ಕೈ ಬಂಗಾರ.

ಗೌನು ತೊಡಿಸಿ ನೋಡಿದ ದಿನ ಫೋಟೊ ತೆಗೆದು, ಹೆಸರು, ಶಾಲೆ ಸಮೇತ ಜಾಲತಾಣದಲ್ಲಿರುವ ಅಂಗಡಿಯ ಪುಟಕ್ಕೆ ಹಾಕುವುದು ಅವಳ ರೂಢಿ. ಹಾಕದಿದ್ದರೆ ತಾಯಂದಿರೇ ಮುನಿಸಿಕೊಳ್ಳುತ್ತಿದ್ದರು. ಮೀನು ಮಾರುವ ರೊಸಾಲ್ವಳ ಒಬ್ಬಳೇ ಮಗಳು ನಯೇಲಿಯದನ್ನೂ ಹಾಗೇ ಹಾಕಿದಳು. ವಾರದೊಳಗೆ ಅವಳ ತರಗತಿಯ ಮೂವರು ಹುಡುಗರು ಆ ಮುಖವನ್ನು ಕೃತಕ ಬುದ್ಧಿಮತ್ತೆಯ ಯಾವುದೋ ಆ್ಯಪಿಗೆ ಕೊಟ್ಟು, ಬತ್ತಲೆ ಚಿತ್ರ ಮಾಡಿಸಿ ಶಾಲೆಗೆಲ್ಲ ಹಂಚಿದರು. ನಯೇಲಿ ಶಾಲೆ ಬಿಟ್ಟಳು. ಆ ದರಿದ್ರ ಹುಡುಗರು ಮಾತ್ರ ಬೆಂಚು ಬಿಡಲಿಲ್ಲ. ದೂರು ದಾಖಲಾಗದೆ ಹೊರಗೆ ಹಾಕುವುದಿಲ್ಲ ಎಂದರು ಶಾಲೆಯವರು.

ದೂರು ಕೊಡಲು ರೊಸಾಲ್ವಳ ಜೊತೆ ನಾವಿಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಅಕ್ಕ ಅಳತೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಸಾಹೇಬ್ರೇ, ಈ ಚಿತ್ರದಲ್ಲಿರೋ ಮೈ ನಯೇಲೀದಲ್ಲ. ಅಳತೆ ತಗೊಂಡೋಳು ನಾನು. ಭುಜದ ಅಳತೆನೇ ಬೇರೆ. ಅವಳ ತೋಳಲ್ಲಿ ಸುಟ್ಟ ಕಲೆ ಇದೆ, ಇದ್ರಲ್ಲಿ ಎಲ್ಲಿದೆ?"

ಹುಡುಗಿಯ ಮಾನ ಉಳಿಸಿದೆ ಎಂಬಂತೆ ನನ್ನ ಕಡೆ ನೋಡಿದಳು. ಅಧಿಕಾರಿ ಪೆನ್ನು ಕೆಳಗಿಟ್ಟ.

"ಅವಳ ಮೈ ಅಲ್ಲ ಅಂತ ನೀವೇ ಹೇಳ್ತಿದ್ದೀರಲ್ಲಮ್ಮ. ಹಾಗಿದ್ರೆ ಅವಳಿಗೆ ಆಗಿದ್ದಾದ್ರೂ ಏನು? ಏನಂತ ಬರ್ಕೊಳ್ಳಲಿ?"

ಹೊರಗೆ ಬಂದದ್ದೇ ರೊಸಾಲ್ವ ತಿರುಗಿಬಿದ್ದಳು. "ಫೋಟೊ ಹಾಕ್ದೋಳೂ ನೀನೇ, ದೂರು ಕೆಡಿಸ್ದೋಳೂ ನೀನೇ. ನಿನ್ನನ್ಯಾರು ಬಾಯಿ ಬಿಡು ಅಂದ್ರು?"

ಅಕ್ಕ ಅಂಗಡಿಗೆ ಬಂದು ಪುಟದಲ್ಲಿದ್ದ ಹುಡುಗಿಯರ ಫೋಟೊಗಳನ್ನೆಲ್ಲ ಅಳಿಸಿದಳು. ಮೂರು ವಾರ ಕಳೆದ ಮೇಲೆ ಟೇಪು ಹಿಡಿದು ನಯೇಲಿಯ ಕೋಣೆಗೆ ಹೋದಳು. ನಾನೂ ಹೋದೆ. ಕೂದಲು ಬಾಚಿದರೆ ಬಾಚಣಿಗೆ ತುಂಬ ಉದುರಿ ಬಂತು.

"ಗೌನು ಬಿಗಿ ಮಾಡೋದೇನೂ ಬೇಡ ದೊಡ್ಡಮ್ಮ. ನಾನು ಹಾಕ್ಕೊಳ್ಳಲ್ಲ."

"ಗೌನಿಗಲ್ಲ ಕಂದಾ, ತಿರುಗು."

ಮರುದಿನ ಅಕ್ಕ ಅಧಿಕಾರಿಯ ಅದೇ ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟಳು.

"ಆಗಿದ್ದೇನು ಅಂತ ಕೇಳಿದ್ರಲ್ಲ ಸಾಹೇಬ್ರೇ. ಇದು ಅವತ್ತಿನ ಸೊಂಟದಳತೆ, ಇದು ನಿನ್ನೇದು. ಏಳು ಸೆಂಟಿಮೀಟರ್ ಇಳಿದಿದೆ. ಇದು ಅವಳದೇ ಮೈ. ಬರ್ಕೊಳ್ಳಿ."

ಅವನು ಬರೆದುಕೊಂಡ. ವಿಚಾರಣೆಗೆ ನಾಲ್ಕು ತಿಂಗಳಾಗುತ್ತದೆ ಎಂದ. ಅಲ್ಲಿಯತನಕ ಕಾಯುತ್ತೇವೆ ಎಂದರು ಶಾಲೆಯವರು.

ಹದಿನೈದು ತುಂಬಿದ ದಿನ ನಯೇಲಿ ಕೋಣೆಯ ಬಾಗಿಲು ತೆರೆಯಲಿಲ್ಲ. ಗೌನು ಅಂಗಡಿಯಲ್ಲೇ ನೇತಾಡುತ್ತಿದೆ. ಮೊನ್ನೆ ಆ ಮೂವರಲ್ಲಿ ಒಬ್ಬನ ತಾಯಿ ತನ್ನ ಮಗಳನ್ನು ಅಳತೆ ಕೊಡಿಸಲು ಕರೆತಂದಳು.

"ಫೋಟೊ ಮಾತ್ರ ಎಲ್ಲೂ ಹಾಕ್ಬೇಡಿ ಅಕ್ಕಾ," ಎಂದಳು. "ಕಾಲ ಸರಿಯಿಲ್ಲ."